ಭಿತ್ತಿಚಿತ್ರಗಳ ಜಲವರ್ಣ ಪ್ರತಿಗಳು: ಪ್ರತಿಶುದ್ಧಿಯ ದೃಷ್ಟಿಯಿಂದ ಒಂದು ವಿವೇಚನೆ

೧. ಪ್ರಸ್ತಾವನೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಜೈನ ಸಮಾಜವು ಕೊಟ್ಟ ಸ್ಥಾನವು ವಿದ್ವಜ್ಜನರಿಗೆ ವಿದಿತವೇ ಇದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಈ ದಾನದ ಅತ್ಯುಜ್ಜ್ವಲ ನಿದರ್ಶನವಾಗಿದ್ದಾಳೆ. ಓಲೆಯು ನಶ್ವರವಾದುದು, ಹುಳು, ತೇವ, ಬೆಂಕಿ ಇವು ಮೂರೂ ಅದಕ್ಕೆ ಶತ್ರುಗಳು. ಶ್ರುತವಾದರೋ ಉಳಿಯತಕ್ಕುದು. ನಶ್ವರವಾದ ಓಲೆಯಿಂದ ಉಳಿಯಬೇಕಾದ ಶ್ರುತವನ್ನು ಇನ್ನೊಂದು ಓಲೆಗೆ ದಾಟಿಸುವ ಕಾರ್ಯವೇ ಪ್ರತಿಲೇಖನ. ಆದುದರಿಂದಲೇ ನಮ್ಮ ಲಿಪಿಕಾರರು ಗ್ರಂಥಾಂತ್ಯದಲ್ಲಿ ತಮ್ಮ ಬೆನ್ನು ಬಾಗಿದುದನ್ನೂ ಕತ್ತು ನೊಂದುದನ್ನೂ ಹೇಳಿಕೊಂಡು, ಕಂಡಂತೆ ಬರೆದಿದ್ದೇವೆ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಪ್ರಾರ್ಥಿಸಿದ್ದಾರೆ. ಈ ವಿನಯದ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಪ್ರತಿಕಾರನ ಧರ್ಮವು ಕಂಡಂತೆ ಬರೆಯುವುದು. ತಿದ್ದುವ ಅಧಿಕಾರವು ಅನಂತರದ ಪರಿಶೋಧಕನದು.

‘ಪ್ರತಿ’ ಎಂಬ ಶಬ್ದವನ್ನು ನಾವು ಇದುವರೆಗೆ ಅಕ್ಷರಗಳಿಗೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ಆದರೆ ಬಸದಿಯ ಗೋಡೆಯ ಮೇಲೆ, ಗುಹೆಯ ಮಾಳಿಗೆಯ ಮೇಲೆ ಬರೆದ ಪುರಾಣಕಥೆಯೂ ಶ್ರುತದ ಒಂದು ರೂಪವೇ. ಅದನ್ನು ನೋಡಿ ಕಾಗದದ ಮೇಲೆ ನೀರಿನಲ್ಲಿ ಕಲಸಿದ ಬಣ್ಣಗಳಿಂದ ತೆಗೆದ ಚಿತ್ರವೂ ಒಂದು ಪ್ರತಿಯೇ. ಹೀಗಿದ್ದೂ, ಇಂಥ ಜಲವರ್ಣ ಪ್ರತಿಗಳನ್ನು ನಾವು ಗೋಡೆಗೆ ತೂಗುಹಾಕುವ ಅಲಂಕಾರಗಳೆಂದು ಎಣಿಸುತ್ತೇವೆಯೇ ಹೊರತು ತಾಡಪತ್ರದ ಪ್ರತಿಗೆ ಒಡ್ಡುವ ಪರೀಕ್ಷೆಗಳನ್ನು ಅವಕ್ಕೆ ಒಡ್ಡುವುದಿಲ್ಲ. ಪ್ರತಿಕಾರನು ಯಾರು, ಯಾವಾಗ ತೆಗೆದನು, ಮೂಲದಲ್ಲಿ ಎಷ್ಟು ಭಾಗ ತ್ರುಟಿತವಾಗಿತ್ತು, ತ್ರುಟಿತ ಸ್ಥಳವನ್ನು ಅವನು ಹಾಗೆಯೇ ಬಿಟ್ಟನೋ ತುಂಬಿದನೋ, ತುಂಬಿದ್ದರೆ ಯಾವ ಆಧಾರದಿಂದ ಎಂಬ ಪ್ರಶ್ನೆಗಳು ಓಲೆಗೆ ಎಷ್ಟು ಯುಕ್ತವೋ ಚಿತ್ರಕ್ಕೂ ಅಷ್ಟೇ ಯುಕ್ತವಾಗಿವೆ. ಈ ಸಮಾನತೆಯನ್ನು ತೋರಿಸಿ, ನಮ್ಮ ನಾಡಿನ ಜೈನ ಭಿತ್ತಿಚಿತ್ರಗಳ ವಿಷಯದಲ್ಲಿ ಅದರಿಂದ ಒದಗುವ ಕರ್ತವ್ಯವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨. ಧವಲದ ಪ್ರತಿಗಳು ಕಲಿಸುವ ಪಾಠ

ಅಕ್ಷರಪ್ರತಿಯ ವಿಷಯದಲ್ಲಿ ನಮಗೆ ಅತ್ಯಂತ ಸಮೀಪದ ದೃಷ್ಟಾಂತವೆಂದರೆ ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳದು. ಧವಲ, ಜಯಧವಲ, ಮಹಾಧವಲಗಳ ಹಳಗನ್ನಡ ಲಿಪಿಯ ತಾಡಪತ್ರಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಒದಗುತ್ತಿದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿಲೇಖನವು ಆರಂಭವಾಯಿತು. ಆ ಪ್ರತಿಗಳಿಂದ ಹುಟ್ಟಿದ ಪ್ರತಿಗಳು ಉತ್ತರದ ಭಂಡಾರಗಳನ್ನು ಸೇರಿದುವು. ಡಾ. ಹೀರಾಲಾಲ ಜೈನರು ೧೯೩೯ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುವು ಇಂಥ ಪ್ರತಿಯ ಪ್ರತಿಗಳೇ. ತಾಡಪತ್ರಗಳೊಡನೆ ತಾಳೆ ನೋಡುವ ಅವಕಾಶವು ಅನಂತರದ ಸಂಪುಟಗಳ ಕಾಲಕ್ಕೆ ಒದಗಿತು. ಕನ್ನಡ ನಾಡಿನವರೇ ಆದ ಡಾ. ಆ. ನೇ. ಉಪಾಧ್ಯೆಯವರು ಈ ಸಂಪಾದನ ಕಾರ್ಯದಲ್ಲಿ ಸಹಭಾಗಿಗಳಾಗಿದ್ದರು.

ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಪದದ ಕುರಿತು ನಡೆದ ವಾದವು ಪಂಡಿತರಿಗೆಲ್ಲ ತಿಳಿದದ್ದೇ. ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ಆ ಪದವು ಇರಲಿಲ್ಲ. ಟೀಕೆಯ ಅರ್ಥಸಂಗತಿಯನ್ನು ವಿಚಾರಿಸಿ ಅದು ಅಲ್ಲಿ ಇರಬೇಕೆಂದು ಅವರಿಗೆ ತೋರಿತು. ಆಗ ಅವರು ಪದವನ್ನು ಸೂತ್ರದ ಒಡಲಿನಲ್ಲಿ ಸದ್ದಿಲ್ಲದೆ ಸೇರಿಸಲಿಲ್ಲ, ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ತಾಡಪತ್ರಗಳನ್ನು ನೋಡಿಸಿದಾಗ ಪದವು ಅಲ್ಲಿದ್ದುದು ಕಂಡುಬಂದಿತು. ಆ ಸೂತ್ರದ ಸೈದ್ಧಾಂತಿಕ ತಾತ್ಪರ್ಯದ ಚರ್ಚೆಯು ಇಲ್ಲಿ ಪ್ರಕೃತವಲ್ಲ. ಪ್ರತಿಯ ಇತಿಹಾಸದ ದೃಷ್ಟಿಯಿಂದ ಎರಡು ಸಂಗತಿಗಳು ಗಮನಾರ್ಹವಾಗಿವೆ. ಒಂದು, ಶ್ರದ್ಧಾವಂತರಾದ ಲಿಪಿಕಾರರ ಕೈಯಿಂದಲೂ ಒಂದು ಪದವು ಜಾರಿಹೋಗಬಹುದು, ಆ ಒಂದು ಪದದ ಮೇಲೆ ಒಂದು ಸಿದ್ಧಾಂತವೇ ನಿಂತಿರಬಹುದು. ಎರಡು, ಊಹೆಯು ಎಷ್ಟೇ ಸಮಂಜಸವಾಗಿರಲಿ, ಅದರ ಸ್ಥಾನವು ಅಡಿಯಲ್ಲಿಯೇ ಹೊರತು ಒಡಲಿನಲ್ಲಿ ಅಲ್ಲ. ಊಹೆಯನ್ನು ಊಹೆಯೆಂದೇ ತೋರಿಸಿದ್ದರಿಂದ ಅದನ್ನು ಮೂಲದೊಡನೆ ತಾಳೆ ನೋಡಿ ಸ್ಥಿರಪಡಿಸಲು ಸಾಧ್ಯವಾಯಿತು.

ಇದೇ ಧವಲದ ಓಲೆಗಳಲ್ಲಿ ಚಿತ್ರಗಳೂ ಇವೆ. ಕ್ರಿ.ಶ. ೧೧೧೩ರದೆಂದು ವಿದ್ವಾಂಸರು ಗುರುತಿಸಿರುವ, ಹೊಯ್ಸಳರ ಕಾಲದ ಈ ಗರಿಗಳಲ್ಲಿ ಬಾಹುಬಲಿ, ಅಂಬಿಕೆ, ಶ್ರುತದೇವಿ ಮೊದಲಾದವರ ವರ್ಣಚಿತ್ರಗಳು ಅಕ್ಷರಗಳ ಪಕ್ಕದಲ್ಲಿಯೇ ಕುಳಿತಿವೆ. ಅಕ್ಷರವನ್ನು ಬರೆದವನಿಗೂ ಬಣ್ಣವನ್ನು ಹಾಕಿದವನಿಗೂ ಒಂದೇ ಗರಿಯು ಕ್ಷೇತ್ರವಾಗಿತ್ತು. ಒಂದೇ ಗರಿಯ ಅಕ್ಷರವನ್ನು ನಾವು ಪಾಠವೆಂದೂ ಚಿತ್ರವನ್ನು ಕೇವಲ ಶೋಭೆಯೆಂದೂ ವಿಂಗಡಿಸುವುದಕ್ಕೆ ಆ ಗರಿಯನ್ನು ಸಿದ್ಧಪಡಿಸಿದವರ ಸಮ್ಮತಿಯಿದ್ದಂತೆ ತೋರುವುದಿಲ್ಲ.

೩. ಗೋಡೆಯೆಂಬ ಮೂಲಪ್ರತಿ

ಓಲೆಯ ಚಿತ್ರಕ್ಕೂ ಗೋಡೆಯ ಚಿತ್ರಕ್ಕೂ ಒಂದು ದೊಡ್ಡ ಅಂತರವಿದೆ. ಓಲೆಯನ್ನು ಕಟ್ಟಿ ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಬಹುದು. ಗೋಡೆಯು ತಾನಿದ್ದಲ್ಲಿಯೇ ಮಳೆ, ಹೊಗೆ, ಬಾವಲಿ, ಜನರ ಕೈ ಇವೆಲ್ಲವನ್ನೂ ಸಹಿಸಬೇಕು. ಆದುದರಿಂದ ಜೈನರ ಪ್ರಾಚೀನ ಭಿತ್ತಿಚಿತ್ರಗಳಲ್ಲಿ ಉಳಿದವು ಸ್ವಲ್ಪ. ತಮಿಳುನಾಡಿನ ಪುದುಕ್ಕೋಟ್ಟೈ ಸೀಮೆಯ ಸಿತ್ತನ್ನವಾಸಲ್ ಗುಹೆ, ರಾಷ್ಟ್ರಕೂಟರ ಕಾಲದ ಎಲ್ಲೋರದ ಇಂದ್ರಸಭೆಯ ಮಾಳಿಗೆಗಳು, ಜಿನಕಂಚಿಯ ತಿರುಪ್ಪರುತ್ತಿಕುನ್ರಂ, ಇತ್ತೀಚಿನ ಕಾಲಕ್ಕೆ ಶ್ರವಣಬೆಳಗೊಳದ ಮಠ ಇವು ಮುಖ್ಯವಾದುವು.

ಜಿನಕಂಚಿಯ ವರ್ಧಮಾನ ದೇವಾಲಯಕ್ಕೂ ಕನ್ನಡ ನಾಡಿಗೂ ನೇರವಾದ ಸಂಬಂಧವಿದೆ. ವಿಜಯನಗರದ ದಂಡನಾಯಕನೂ ‘ನಾನಾರ್ಥರತ್ನಮಾಲೆ’ಯ ಕರ್ತೃವೂ ಆದ ಇರುಗಪ್ಪನು ಶಕ ೧೩೦೭ರಲ್ಲಿ (ಕ್ರಿ.ಶ. ೧೩೮೫-೮೬) ಹಂಪೆಯಲ್ಲಿ ಕುಂಥು ಜಿನಾಲಯವನ್ನು ಕಟ್ಟಿಸಿದನು. ಇಂದು ಗಾಣಿಗಿತ್ತಿ ಜಿನಾಲಯವೆಂದು ಕರೆಯುವುದು ಇದನ್ನೇ. ಅದೇ ಇರುಗಪ್ಪನು ೧೩೮೭-೮೮ರಲ್ಲಿ ತನ್ನ ಗುರು ಪುಷ್ಪಸೇನರ ಆದೇಶದಂತೆ ಜಿನಕಂಚಿಯಲ್ಲಿ ಸಂಗೀತಮಂಟಪವನ್ನು ಕಟ್ಟಿಸಿದನು. ಆ ಮಂಟಪದ ಮಾಳಿಗೆಯಲ್ಲಿ ವೃಷಭನಾಥ, ವರ್ಧಮಾನ, ನೇಮಿನಾಥ ಇವರ ಚರಿತೆಗಳ ಚಿತ್ರಗಳಿದ್ದು, ಅವುಗಳಲ್ಲಿ ಹೆಚ್ಚಿನವು ಮಂಟಪಕ್ಕಿಂತ ಈಚಿನ ಕಾಲದವು. ಚಿತ್ರಗಳ ಜೊತೆಗೆ ತಮಿಳಿನಲ್ಲಿ ವಿವರಣ ವಾಕ್ಯಗಳೂ ಇವೆ. ೧೯೩೪ರಲ್ಲಿ ಟಿ. ಎನ್. ರಾಮಚಂದ್ರನ್ ಅವರು ಮದರಾಸು ಮ್ಯೂಸಿಯಮ್ಮಿನ ಪ್ರಕಟಣೆಯಾಗಿ ಈ ದೇವಾಲಯವನ್ನು ಕುರಿತು ಬರೆದ ಗ್ರಂಥವು, ಚಿತ್ರವನ್ನು ಶಾಸ್ತ್ರದೊಡನೆ ಇಟ್ಟು ಓದುವುದು ಹೇಗೆಂಬುದಕ್ಕೆ ಇಂದಿಗೂ ಮೇಲ್ಪಂಕ್ತಿಯಾಗಿದೆ.

ಸಿತ್ತನ್ನವಾಸಲ್‌ನ ಮಾಳಿಗೆಯಲ್ಲಿ ತಾವರೆಗೊಳವೊಂದಿದೆ. ಮೀನು, ಹಂಸ, ಆನೆ, ಎತ್ತುಗಳ ನಡುವೆ ಪುರುಷರು ತಾವರೆಗಳನ್ನು ಕೊಯ್ಯುತ್ತಿದ್ದಾರೆ. ನೋಡಿದವರಿಗೆ ಇದೊಂದು ಜಲಕ್ರೀಡೆಯೆಂದು ತೋರುವುದು ಸಹಜ. ಸಮವಸರಣದ ರಚನೆಯನ್ನು ಬಲ್ಲವರು ಇದನ್ನು ಖಾತಿಕಾಭೂಮಿಯೆಂದು ಗುರುತಿಸಿದ್ದಾರೆ. ತಾವರೆ ಕೊಯ್ಯುವವರು ಭವ್ಯಜೀವರು. ಈ ನಿರ್ಣಯವು ನಿಂತಿರುವುದು ಕೊಳದ ಸಣ್ಣಸಣ್ಣ ವಿವರಗಳ ಮೇಲೆ. ಆ ವಿವರಗಳಲ್ಲಿ ಕೆಲವನ್ನು ಒಬ್ಬ ಪ್ರತಿಕಾರನು ‘ಮುಖ್ಯವಲ್ಲ’ವೆಂದು ಬಿಟ್ಟಿದ್ದರೆ, ಆ ಪ್ರತಿಯನ್ನು ಮಾತ್ರ ನೋಡಿದ ಪಂಡಿತನಿಗೆ ಅದು ಒಂದು ಸುಂದರವಾದ ಕೊಳವಾಗಿಯೇ ಉಳಿಯುತ್ತಿತ್ತು.

ಗೋಡೆಯ ಮೇಲೆ ಒಂದರ ಮೇಲೊಂದು ಪದರಗಳೂ ಇರಬಹುದು. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ನಾಯಕರ ಕಾಲದ ಚಿತ್ರಗಳ ಕೆಳಗೆ ಚೋಳರ ಕಾಲದ ಚಿತ್ರಗಳಿರುವುದನ್ನು ೧೯೩೧ರಲ್ಲಿ ಎಸ್. ಕೆ. ಗೋವಿಂದಸ್ವಾಮಿಯವರು ಕಂಡುಹಿಡಿದರು. ಹಳೆಯ ಬರಹವನ್ನು ಅಳಿಸಿ ಅದರ ಮೇಲೆ ಬೇರೊಂದನ್ನು ಬರೆದ ಕಡತವನ್ನು ಓದುವವನಿಗೆ ಎಷ್ಟು ಎಚ್ಚರ ಬೇಕೋ ಇಂಥ ಗೋಡೆಯ ಪ್ರತಿ ತೆಗೆಯುವವನಿಗೂ ಅಷ್ಟೇ ಎಚ್ಚರ ಬೇಕು. ಯಾವ ರೇಖೆಯು ಮೊದಲ ಕೈಯದು, ಯಾವುದು ಅನಂತರ ತಿದ್ದಿದ ಕೈಯದು ಎಂಬುದನ್ನು ಬೇರ್ಪಡಿಸದಿದ್ದರೆ ಎರಡು ಕಾಲಗಳು ಒಂದೇ ಕಾಗದದ ಮೇಲೆ ಬೆರೆತುಹೋಗುತ್ತವೆ.

೪. ಅಜಂತೆ ಮತ್ತು ಬಾದಾಮಿಯ ಪ್ರತಿಗಳು

ಜೈನ ಚಿತ್ರಗಳ ಪ್ರತಿ ತೆಗೆದ ಇತಿಹಾಸವು ಚಿಕ್ಕದು. ಈ ಕಾರ್ಯದ ಗುಣದೋಷಗಳನ್ನು ದೀರ್ಘ ಅನುಭವದಿಂದ ತಿಳಿಯಬೇಕಾದರೆ ಬೌದ್ಧರ ಅಜಂತೆಯ ಕಡೆಗೆ ತಿರುಗಬೇಕು. ಸೈನ್ಯಾಧಿಕಾರಿಯಾಗಿದ್ದ ರಾಬರ್ಟ್ ಗಿಲ್ ೧೮೪೪ರಿಂದ ಆರಂಭಿಸಿ ಅನೇಕ ವರ್ಷ ಅಲ್ಲಿದ್ದು ತೈಲವರ್ಣದಲ್ಲಿ ದೊಡ್ಡ ಪ್ರತಿಗಳನ್ನು ತೆಗೆದನು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಇರಿಸಿದ್ದ ಆ ಪ್ರತಿಗಳಲ್ಲಿ ಕೆಲವನ್ನುಳಿದು ಎಲ್ಲವೂ ೧೮೬೬ರ ಬೆಂಕಿಗೆ ಆಹುತಿಯಾದುವು. ಮತ್ತೆ ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಡನೆ ೧೮೭೨ರಿಂದ ೧೮೮೫ರ ವರೆಗೆ ಅದೇ ಕಾರ್ಯವನ್ನು ಹೊಸದಾಗಿ ಮಾಡಿದನು. ಅವನ ಪ್ರತಿಗಳಲ್ಲಿಯೂ ಹಲವು ೧೮೮೫ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಬೆಂಕಿಗೆ ಸಿಕ್ಕಿದುವು. ನಾಲ್ಕು ದಶಕಗಳ ಶ್ರಮದ ಬಹುಭಾಗವು ಎರಡು ಬಾರಿ ಸುಟ್ಟುದಕ್ಕೆ ಮುಖ್ಯ ಕಾರಣವು ಸ್ಪಷ್ಟವಾಗಿದೆ: ಪ್ರತಿಗಳನ್ನು ಒಂದೇ ಕಡೆ ರಾಶಿಹಾಕಿದ್ದರು. ಸಾವಿರ ಪ್ರತಿ ಬರೆಯಿಸಿ ನಾಡೆಲ್ಲ ಹಂಚಿದ ಅತ್ತಿಮಬ್ಬೆಯ ವಿವೇಕವು ಎಷ್ಟು ದೊಡ್ಡದೆಂಬುದು ಇಂಥ ಪ್ರಸಂಗದಲ್ಲಿ ಮನದಟ್ಟಾಗುತ್ತದೆ.

ಇನ್ನೊಂದು ಹಾನಿಯು ಮೂಲಕ್ಕೇ ಸಂಭವಿಸಿತು. ಮಾಸಿದ ಚಿತ್ರವು ಪ್ರತಿ ತೆಗೆಯುವಾಗ ಸ್ಪಷ್ಟವಾಗಿ ಕಾಣಲೆಂದು ಗೋಡೆಗೆ ವಾರ್ನಿಷ್ ಬಳಿದರು. ಕಾಲಕ್ರಮದಲ್ಲಿ ಆ ಲೇಪವು ಹಳದಿಗಟ್ಟಿ ಚಿತ್ರವನ್ನೇ ಮುಸುಕಿತು. ೧೯೨೦ರಿಂದ ಎರಡು ವರ್ಷ ನಿಜಾಮ ಸರಕಾರವು ಇಟಲಿಯಿಂದ ಚೆಕ್ಕೋನಿ, ಓರ್ಸಿನಿ ಎಂಬ ಇಬ್ಬರು ಪರಿಣತರನ್ನು ಕರೆಯಿಸಿ ಗೋಡೆಗಳ ಸಂಸ್ಕಾರ ಮಾಡಿಸಿತು. ಅವರು ಬಳಸಿದ ಅರಗಿನ ಲೇಪವೂ ಮುಂದೆ ಬಣ್ಣಗೆಟ್ಟಿತು. ಓಲೆಯ ಅಕ್ಷರ ಕಾಣಲೆಂದು ಎಣ್ಣೆಮಸಿ ತೀಡುವಾಗ ಓಲೆಯೇ ಮುರಿದರೆ ಏನಾಗುವುದೋ ಇಲ್ಲಿ ಅದೇ ಆಯಿತು. ಪ್ರತಿಗಾಗಿ ಮೂಲವನ್ನು ನೋಯಿಸುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಮೂರನೆಯ ಪ್ರಯತ್ನದಲ್ಲಿ ಕನ್ನಡಿಗರೊಬ್ಬರ ಪಾಲಿದೆ. ೧೯೦೯ರಿಂದ ೧೯೧೧ರ ವರೆಗಿನ ಚಳಿಗಾಲಗಳಲ್ಲಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಂ ಅಜಂತೆಯ ಪ್ರತಿಗಳನ್ನು ತೆಗೆಸಿದಾಗ, ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಇವರೊಡನೆ ಮೈಸೂರಿನ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರೂ (೧೮೮೬-೧೯೬೫) ಇದ್ದರು. ಹೆರಿಂಗ್‌ಹ್ಯಾಂ ಇಟಲಿಯ ಪ್ರಾಚೀನ ಚಿತ್ರಶಾಸ್ತ್ರಕಾರ ಚೆನ್ನೀನೋ ಚೆನ್ನೀನಿಯ ಗ್ರಂಥವನ್ನು ೧೮೯೯ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ವಿದುಷಿ. ಪ್ರತಿ ತೆಗೆಯುವವನು ಮೂಲದ ರಚನಾವಿಧಾನವನ್ನು ತಿಳಿದಿರಬೇಕೆಂಬುದನ್ನು ಆಕೆ ಬಲ್ಲವಳಾಗಿದ್ದಳು. ಈ ಪ್ರತಿಗಳು ೧೯೧೫ರಲ್ಲಿ ಗ್ರಂಥರೂಪದಲ್ಲಿ ಅಚ್ಚಾಗಿ ಹಲವು ಕಡೆ ಹರಡಿದುವು.

ನಮ್ಮ ಬಾದಾಮಿಯ ಕಥೆಯು ಇನ್ನೂ ಸಮೀಪದ್ದು. ಮಂಗಲೇಶನು ಶಕ ೫೦೦ರಲ್ಲಿ (ಕ್ರಿ.ಶ. ೫೭೮) ಪ್ರತಿಷ್ಠೆ ಮಾಡಿದ ಮೂರನೆಯ ಗುಹೆಯ ಕಪೋತದ ಒಳಬಾಗಿನಲ್ಲಿ ವರ್ಣಚಿತ್ರಗಳಿವೆ. ಸ್ಟೆಲ್ಲಾ ಕ್ರಾಮ್ರಿಶ್ ೧೯೩೦ರ ದಶಕದಲ್ಲಿ ಅವುಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದರು. ಮುಂಬಯಿಯ ಕಲಾವಿದ ಜೆ. ಎಂ. ಅಹಿವಾಸಿಯವರು ತಮ್ಮ ಕಿರಿಯ ಸಂಗಡಿಗರೊಡನೆ ಅವುಗಳ ಪ್ರತಿಗಳನ್ನು ಬಹು ಎಚ್ಚರದಿಂದ ತೆಗೆದರು. ಇಂದು ಗುಹೆಯಲ್ಲಿ ನಿಂತು ಕತ್ತೆತ್ತಿ ನೋಡುವವನಿಗೆ ಮಸುಕಾದ ಬಣ್ಣದ ಕುರುಹುಗಳು ಮಾತ್ರ ಕಾಣುತ್ತವೆ. ನೃತ್ಯವನ್ನು ನೋಡುತ್ತ ಕುಳಿತ ಪ್ರಧಾನ ಪುರುಷನನ್ನು ಸಿ. ಶಿವರಾಮಮೂರ್ತಿಯವರು ಇಂದ್ರನೆಂದು ಗುರುತಿಸಿದರು. ಇಂಥ ನಿರ್ಣಯವನ್ನು ಮುಂದೆ ಯಾರಾದರೂ ಪರೀಕ್ಷಿಸಬೇಕೆಂದರೆ ಗೋಡೆಯಷ್ಟೇ ಸಾಲದು, ಪ್ರತಿಯೂ ಬೇಕು. ಮೂಲವು ಕ್ಷೀಣಿಸಿದ ಮೇಲೆ ಪ್ರತಿಯೇ ಸಾಕ್ಷಿಯಾಗುತ್ತದೆ. ಧವಲದ ವಾದದಲ್ಲಿ ಮೂಲ ತಾಡಪತ್ರಗಳು ಉಳಿದಿದ್ದವು. ಸಂದೇಹ ಬಂದಾಗ ಅವುಗಳ ಬಳಿಗೆ ಹೋಗಬಹುದಾಗಿತ್ತು. ಬಣ್ಣ ಉದುರಿದ ಗೋಡೆಯ ಬಳಿಗೆ ಹೋಗಿ ಕೇಳುವುದಕ್ಕೆ ಏನೂ ಇರುವುದಿಲ್ಲ.

೫. ಬಣ್ಣವೇ ಪಾಠ

ಜೈನ ಚಿತ್ರಗಳ ಪ್ರತಿಯಲ್ಲಿ ಬಣ್ಣಕ್ಕೆ ಒಂದು ವಿಶೇಷವಾದ ಪ್ರಾಮಾಣ್ಯವಿದೆ. ತಿಲೋಯಪಣ್ಣತ್ತಿಯೇ ಮೊದಲಾದ ನಮ್ಮ ಗ್ರಂಥಗಳ ಪರಂಪರೆಯಂತೆ ಚಂದ್ರಪ್ರಭ-ಪುಷ್ಪದಂತರು ಶ್ವೇತವರ್ಣದವರು, ಪದ್ಮಪ್ರಭ-ವಾಸುಪೂಜ್ಯರು ರಕ್ತವರ್ಣದವರು, ಸುಪಾರ್ಶ್ವ-ಪಾರ್ಶ್ವರು ಹರಿತವರ್ಣದವರು, ಮುನಿಸುವ್ರತ-ನೇಮಿನಾಥರು ನೀಲವರ್ಣದವರು, ಉಳಿದ ಹದಿನಾರು ತೀರ್ಥಂಕರರು ಸುವರ್ಣವರ್ಣದವರು. ಕಲ್ಲಿನ ಮೂರ್ತಿಯಲ್ಲಿ ಲಾಂಛನವು ಮಾಡುವ ಕೆಲಸದಲ್ಲಿ ಅರ್ಧವನ್ನು ಚಿತ್ರದಲ್ಲಿ ಮೈಬಣ್ಣವು ಮಾಡುತ್ತದೆ. ಲಾಂಛನವಿದ್ದ ಪೀಠಭಾಗವು ತೇವದಿಂದ ಉದುರಿ ಹೋಗಿದ್ದರೆ ಬಣ್ಣವೊಂದೇ ಗತಿಯಾಗುತ್ತದೆ.

ಆದರೆ ಗೋಡೆಯ ಬಣ್ಣವು ಸ್ಥಿರವಾದುದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಭಿತ್ತಿಯನ್ನು ಸಿದ್ಧಪಡಿಸುವ ಕ್ರಮವೂ ಮಹಿಷಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ವಿಧಾನವೂ ಶಂಖಚೂರ್ಣ, ಗೈರಿಕ, ಹರಿತಾಳ, ಕಾಡಿಗೆ ಮೊದಲಾದ ವರ್ಣದ್ರವ್ಯಗಳೂ ನಿರೂಪಿತವಾಗಿವೆ. ಇವುಗಳಲ್ಲಿ ಮಣ್ಣಿನ ಬಣ್ಣಗಳು, ಎಂದರೆ ಕಾವಿಯೂ ಹಳದಿಮಣ್ಣೂ, ಬಹುಕಾಲ ಬಾಳುತ್ತವೆ. ಸೀಸದಿಂದಾದ ಸಿಂಧೂರವು ಗಾಳಿ ಬೆಳಕಿಗೆ ಕಪ್ಪಾಗುವುದುಂಟು. ಸಿಂಧೂರದಿಂದ ಬರೆದ ವಾಸುಪೂಜ್ಯಸ್ವಾಮಿಯ ಚಿತ್ರವು ಕಪ್ಪಾಗಿದೆಯೆಂದು ಭಾವಿಸೋಣ. ಪ್ರತಿಕಾರನು ಕಂಡಂತೆ ಕಪ್ಪನ್ನೇ ಹಾಕಿ ಸುಮ್ಮನಾದರೆ ಮುಂದಿನ ಪಂಡಿತನು ಅದನ್ನು ನೇಮಿನಾಥನೆಂದೋ ಮುನಿಸುವ್ರತನೆಂದೋ ಓದಬಹುದು. ‘ಶಾಸ್ತ್ರದಂತೆ ಕೆಂಪಿರಬೇಕು’ ಎಂದು ಕೆಂಪನ್ನು ಹಾಕಿದರೆ ಗೋಡೆಯ ಸತ್ಯವನ್ನು ಮರೆಮಾಚಿದಂತಾಗುವುದು. ಯುಕ್ತವಾದುದು ಒಂದೇ ಮಾರ್ಗ: ಕಂಡ ಬಣ್ಣವನ್ನೇ ಹಾಕಿ, ಅಂಚಿನಲ್ಲಿ ಇನ್ನೂ ಉಳಿದಿರುವ ಕೆಂಪು ಕಣಗಳನ್ನು ಗುರುತಿಸಿ, ಊಹೆಯನ್ನು ಕಾಗದದ ಅಡಿಯಲ್ಲಿ ಬರೆದಿಡುವುದು. ‘ಸಂಜದ’ ಪದದ ವಿಷಯದಲ್ಲಿ ಸಂಪಾದಕರು ಹಿಡಿದ ಮಾರ್ಗವೂ ಇದೇ.

ಲೇಶ್ಯೆಗಳ ಚಿತ್ರದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹಣ್ಣು ತುಂಬಿದ ಮರವನ್ನು ಕಂಡ ಆರು ಮಂದಿಯಲ್ಲಿ ಒಬ್ಬನು ಬುಡವನ್ನೇ ಕಡಿಯಬೇಕೆನ್ನುತ್ತಾನೆ, ಒಬ್ಬನು ಕಾಂಡ, ಒಬ್ಬನು ಕೊಂಬೆ, ಒಬ್ಬನು ರೆಂಬೆ, ಒಬ್ಬನು ಹಣ್ಣು ಮಾತ್ರ ಎನ್ನುತ್ತಾನೆ; ಕೊನೆಯವನು ತಾನಾಗಿ ಬಿದ್ದ ಹಣ್ಣು ಸಾಕೆನ್ನುತ್ತಾನೆ. ಗೊಮ್ಮಟಸಾರದ ಜೀವಕಾಂಡದಲ್ಲಿ ಬರುವ ಈ ದೃಷ್ಟಾಂತವನ್ನು ಬಾಲಕರೂ ಬಲ್ಲರು. ಅದೇ ಗ್ರಂಥವು ಲೇಶ್ಯೆಗಳ ವರ್ಣವನ್ನು ದುಂಬಿ, ನೀಲಮಣಿ, ಪಾರಿವಾಳ, ಚಿನ್ನ, ತಾವರೆ, ಶಂಖ ಇವುಗಳಿಗೆ ಹೋಲಿಸುತ್ತದೆ. ಇಲ್ಲಿ ಬಣ್ಣವೇ ಪರಿಭಾಷೆ. ನೀಲಕ್ಕೂ ಕಪೋತಕ್ಕೂ ಇರುವ ಅಂತರವು ಚಿತ್ರಕಾರನಿಗೆ ಕುಂಚದ ಒಂದು ಅದ್ದು. ಶಾಸ್ತ್ರಕ್ಕೆ ಅದು ಪರಿಣಾಮದ ಒಂದು ಮೆಟ್ಟಿಲು.

ಈ ಲೇಶ್ಯಾವೃಕ್ಷವು ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಚಿತ್ರಿತವಾಗಿದೆ. ಅಲ್ಲಿಯೇ ಪಾರ್ಶ್ವನಾಥನ ಸಮವಸರಣ, ಭರತ ಚಕ್ರವರ್ತಿಯ ಜೀವನದ ದೃಶ್ಯಗಳು, ನಾಗಕುಮಾರ ಚರಿತೆ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಇವೆ. ಒಡೆಯರು ಪಟ್ಟಕ್ಕೆ ಬಂದುದು ೧೭೯೯ರಲ್ಲಿ. ಆದುದರಿಂದ ದರ್ಬಾರಿನ ಫಲಕವಂತೂ ಅದಕ್ಕೆ ಹಿಂದಿನದಲ್ಲ. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯಲ್ಲಿ ಈ ಫಲಕಗಳ ವಿಷಯವನ್ನು ಸಂಕ್ಷೇಪವಾಗಿ ಗುರುತಿಸಿದ್ದಾರೆ. ಶಾಸನಗಳ ಸಂಪುಟವಾದುದರಿಂದ ಬಣ್ಣಗಳನ್ನು ದಾಖಲಿಸುವುದು ಅದರ ಕಾರ್ಯವಾಗಿರಲಿಲ್ಲ. ಆದರೆ ಲೇಶ್ಯಾವೃಕ್ಷದ ಮುಂದೆ ನಿಂತ ಪಂಡಿತನು ಕೇಳಬೇಕಾದ ಮೊದಲ ಪ್ರಶ್ನೆಯೇ ಬಣ್ಣದ್ದು. ಆರು ಮಂದಿಯನ್ನು ಚಿತ್ರಕಾರನು ಯಾವ ಯಾವ ವರ್ಣದಿಂದ ಬೇರ್ಪಡಿಸಿದ್ದಾನೆ? ಶಾಸ್ತ್ರಕ್ರಮವನ್ನು ಅನುಸರಿಸಿದ್ದಾನೆಯೇ, ಕೇವಲ ಮರದಲ್ಲಿ ಅವರು ನಿಂತ ಸ್ಥಾನದಿಂದ ಅರ್ಥವನ್ನು ಸೂಚಿಸಿದ್ದಾನೆಯೇ? ಕಪ್ಪುಬಿಳುಪಿನ ಛಾಯಾಚಿತ್ರವು ಈ ಪ್ರಶ್ನೆಗೆ ಮೂಕವಾಗಿದೆ.

೬. ಛಾಯಾಪ್ರತಿಯೂ ಕೈಪ್ರತಿಯೂ

ಈಗ ವರ್ಣಛಾಯಾಚಿತ್ರವೂ ಗಣಕಯಂತ್ರದ ಪ್ರತಿಬಿಂಬವೂ ಸುಲಭವಾಗಿರುವಾಗ ಕುಂಚದ ಪ್ರತಿಯು ಏಕೆ ಬೇಕೆಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ. ಓಲೆಗರಿಯ ಛಾಯಾಪ್ರತಿಯಿದ್ದರೂ ನಾವು ಲಿಪ್ಯಂತರವನ್ನು ಏಕೆ ಮಾಡುತ್ತೇವೆಂದು ವಿಚಾರಿಸಿದರೆ ಉತ್ತರವು ದೊರೆಯುತ್ತದೆ. ಛಾಯಾಪ್ರತಿಯು ಗರಿಯ ಮೇಲಿರುವುದೆಲ್ಲವನ್ನೂ, ಅಕ್ಷರವನ್ನೂ ಹುಳು ತಿಂದ ತೂತನ್ನೂ ಕಲೆಯನ್ನೂ ಸಮನಾಗಿ ತೋರಿಸುತ್ತದೆ. ಇದು ಅಕ್ಷರ, ಇದು ಕಲೆ ಎಂದು ನಿರ್ಣಯಿಸುವವನು ಲಿಪಿಜ್ಞ. ಹಾಗೆಯೇ ಗೋಡೆಯ ಮುಂದೆ ದಿನಗಟ್ಟಲೆ ಕುಳಿತ ಕುಶಲ ಚಿತ್ರಕಾರನ ಕಣ್ಣು ಮೊದಲ ಕೈಯ ರೇಖೆಯನ್ನು ತಿದ್ದಿದ ರೇಖೆಯಿಂದ ಬೇರ್ಪಡಿಸುತ್ತದೆ. ಬಿರುಕನ್ನು ಬಳ್ಳಿಯೆಂದು ಭ್ರಮಿಸುವುದಿಲ್ಲ. ಶಾಸನಕ್ಕಾದರೆ ಕಾಗದವನ್ನು ತೋಯಿಸಿ ಕಲ್ಲಿನ ಮೇಲೆ ಬಡಿದು ಪಡಿಯಚ್ಚನ್ನು ತೆಗೆಯಬಹುದು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು ೧೯೩೯ರಲ್ಲಿ ಸ್ಥಾಪಿತವಾದಂದಿನಿಂದ ನಮ್ಮ ಸೀಮೆಯ ಶಾಸನಗಳ ವಿಷಯದಲ್ಲಿ ಮಾಡಿದ ಸೇವೆಯನ್ನು ಇಲ್ಲಿ ಸ್ಮರಿಸಬೇಕು. ಚಿತ್ರಕ್ಕೆ ಪಡಿಯಚ್ಚಿಲ್ಲ. ಅದು ಮನುಷ್ಯನ ಕಣ್ಣು ಕೈಗಳ ಮೂಲಕವೇ ದಾಟಬೇಕು. ಆದುದರಿಂದ ಛಾಯಾಪ್ರತಿಯೂ ಕೈಪ್ರತಿಯೂ ಒಂದಕ್ಕೊಂದು ಪೂರಕವೇ ಹೊರತು ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು.

ಹೀಗೆ ತೆಗೆಯುವ ಕೈಪ್ರತಿಯು ಶಾಸ್ತ್ರೀಯವಾಗಿರಬೇಕಾದರೆ ಈ ಕೆಲವು ನಿಯಮಗಳನ್ನು ಪಾಲಿಸಬೇಕೆಂದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಗೋಡೆಯನ್ನು ಮುಟ್ಟಕೂಡದು. ಬಣ್ಣ ಹೊಳೆಯಲೆಂದು ನೀರು ಚಿಮುಕಿಸುವುದು, ಎಣ್ಣೆ ಸವರುವುದು, ಕಾಗದವನ್ನು ಒತ್ತಿಹಿಡಿದು ಗೀಚುವುದು ಸರ್ವಥಾ ವರ್ಜ್ಯ. ಅಂಟಿನಿಂದ ಕಟ್ಟಿದ ಬಣ್ಣಕ್ಕೆ ನೀರೇ ವಿಷ. ಎರಡನೆಯದಾಗಿ, ಉದುರಿದ ಭಾಗವನ್ನು ಬರಿದಾಗಿಯೇ ಬಿಡಬೇಕು. ಗ್ರಂಥಪಾತವಿದ್ದಲ್ಲಿ ನಾವು ಚುಕ್ಕೆಗಳನ್ನಿಡುವಂತೆ ಅಲ್ಲಿ ತೆಳುವಾದ ಒಂದೇ ಛಾಯೆಯನ್ನು ಹಾಕಬಹುದು. ಮೂರನೆಯದಾಗಿ, ಬಣ್ಣಗಳನ್ನು ಹಗಲಿನ ಬೆಳಕಿನಲ್ಲಿ ನೋಡಿ ಹೊಂದಿಸಿ, ಕಾಗದದ ಅಂಚಿನಲ್ಲಿ ಒಂದೊಂದು ವರ್ಣದ ಮಾದರಿಯನ್ನೂ ಅದರ ಹೆಸರನ್ನೂ ಬರೆದಿಡಬೇಕು. ಜಲವರ್ಣವೂ ಕಾಲಾಂತರದಲ್ಲಿ ಮಾಸುವುದರಿಂದ ಹೆಸರು ಉಳಿದರೆ ಬಣ್ಣವನ್ನು ಮತ್ತೆ ಊಹಿಸಬಹುದು. ನಾಲ್ಕನೆಯದಾಗಿ, ಚಿತ್ರದೊಡನೆ ಬರಹವಿದ್ದರೆ ಅದನ್ನು ಚಿತ್ರವೆಂದು ಬಿಡಿಸದೆ, ಲಿಪಿಜ್ಞನು ಪ್ರತ್ಯೇಕವಾಗಿ ಓದಿ ಬರೆಯಬೇಕು. ಐದನೆಯದಾಗಿ, ಪುಷ್ಪಿಕೆಯಿಲ್ಲದ ಪ್ರತಿಯು ತಂದೆತಾಯಿಯರನ್ನು ಅರಿಯದ ಕೂಸಿನಂತೆ. ಪ್ರತಿಕಾರನ ಹೆಸರು, ದಿನಾಂಕ, ಗೋಡೆಯ ದಿಕ್ಕು, ಮೂಲದ ಉದ್ದಗಲ, ಪ್ರತಿಯ ಪ್ರಮಾಣ ಇವುಗಳನ್ನು ಅಡಿಯಲ್ಲಿ ಬರೆಯಬೇಕು. ಕೊನೆಯದಾಗಿ, ಪ್ರತಿಯನ್ನು ಒಂದಕ್ಕಿಂತ ಹೆಚ್ಚು ಮಾಡಿ ಬೇರೆ ಬೇರೆ ಊರುಗಳಲ್ಲಿ ಇರಿಸಬೇಕು.

ಈಗಾಗಲೇ ಇರುವ ಹಳೆಯ ಪ್ರತಿಗಳ ವಿಷಯದಲ್ಲಿ ಪಂಡಿತನ ಕರ್ತವ್ಯವು ಬೇರೆ. ಒಂದೇ ಚಿತ್ರದ ಎರಡು ಪ್ರತಿಗಳಿದ್ದರೆ ಅವುಗಳ ಭೇದಗಳನ್ನು ಪಾಠಾಂತರಗಳೆಂದು ಗುರುತಿಸಬೇಕು. ಒಂದರಲ್ಲಿ ಪೂರ್ಣವಾಗಿಯೂ ಇನ್ನೊಂದರಲ್ಲಿ ತ್ರುಟಿತವಾಗಿಯೂ ಇರುವ ಹಸ್ತವನ್ನು ಕಂಡೊಡನೆ ಪೂರ್ಣವಾದುದೇ ಶ್ರೇಷ್ಠವೆಂದು ಬಗೆಯಬಾರದು. ಅದು ಮೊದಲೇ ತೆಗೆದ ಪ್ರತಿಯಾಗಿದ್ದು ಆಗ ಗೋಡೆಯ ಮೇಲೆ ಹಸ್ತವು ಇದ್ದಿರಬಹುದು. ಅಥವಾ ಚಿತ್ರಕಾರನು ಅಂದಕ್ಕಾಗಿ ತುಂಬಿದ ಪ್ರಕ್ಷಿಪ್ತವೂ ಆಗಿರಬಹುದು. ಯಾವುದೆಂಬುದನ್ನು ತಿಥಿಯಿಂದಲೂ ಪ್ರತಿಕಾರನ ಬೇರೆ ಕೃತಿಗಳ ಪರಿಶೀಲನೆಯಿಂದಲೂ ನಿರ್ಣಯಿಸಬೇಕು. ನಯವಾದ ಪಾಠವನ್ನು ಕಂಡರೆ ಸಂಶಯಪಡಬೇಕೆಂಬ ಗ್ರಂಥಸಂಪಾದನೆಯ ಎಚ್ಚರವು ಇಲ್ಲಿಯೂ ಸಲ್ಲುತ್ತದೆ.

೭. ಜೀರ್ಣೋದ್ಧಾರಕ್ಕೆ ಮುನ್ನ

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ, ಅಮ್ಮಿನಭಾವಿ ಮೊದಲಾದ ನಮ್ಮ ಸುತ್ತಲಿನ ಊರುಗಳಲ್ಲಿ ಹಬ್ಬ ಬಂತೆಂದರೆ ಮನೆಗೂ ಗುಡಿಗೂ ಸುಣ್ಣ ಬಳಿಯುವುದು ಶುಚಿತ್ವದ ಲಕ್ಷಣ. ಆ ಶ್ರದ್ಧೆಯು ನಿಂದ್ಯವಲ್ಲ. ಬಸದಿಗಳ ಜೀರ್ಣೋದ್ಧಾರವು ಹೊಸ ಬಸದಿಯ ನಿರ್ಮಾಣಕ್ಕಿಂತಲೂ ಹೆಚ್ಚಿನ ಪುಣ್ಯಕಾರ್ಯವೆಂದು ನಮ್ಮ ಹಿರಿಯರು ಭಾವಿಸಿದ್ದರು. ಆದರೆ ಹಳೆಯ ಗಚ್ಚನ್ನು ಕೆತ್ತಿ ಸಿಮೆಂಟು ಮೆತ್ತಿದಾಗ, ಮಾಸಿದ ಚಿತ್ರದ ಮೇಲೆ ಹೊಳೆಯುವ ತೈಲವರ್ಣದಿಂದ ‘ಹೊಸದು’ ಮಾಡಿದಾಗ ಉಂಟಾಗುವ ಹಾನಿಯು ಹಳೆಯ ಓಲೆಕಟ್ಟನ್ನು ಹೊಳೆಗೆ ಬಿಟ್ಟಾಗ ಉಂಟಾಗುವ ಹಾನಿಗೆ ಸಮನಾದುದು. ಓಲೆಗಳ ವಿಷಯದಲ್ಲಿ ಈ ಅರಿವು ನಮ್ಮ ಸಮಾಜಕ್ಕೆ ಬಂದು ನೂರು ವರ್ಷಗಳಾದುವು. ಗೋಡೆಗಳ ವಿಷಯದಲ್ಲಿ ಅದು ಇನ್ನೂ ಬರಬೇಕಾಗಿದೆ.

ಪೂಜೆ ನಿಂತುಹೋದ ಗುಹೆಗೂ ಪೂಜೆ ನಡೆಯುತ್ತಿರುವ ಮಠಕ್ಕೂ ವ್ಯತ್ಯಾಸವಿದೆಯೆಂಬುದನ್ನು ಒಪ್ಪಬೇಕು. ದೀಪಧೂಪಗಳನ್ನು ನಿಲ್ಲಿಸಿ ಗೋಡೆಯನ್ನು ಕಾಯಿರಿ ಎಂದು ಹೇಳುವುದು ಉಚಿತವಾಗದು; ಚಿತ್ರವು ಬರೆಯಲ್ಪಟ್ಟುದೇ ಆ ದೀಪದ ಬೆಳಕಿನಲ್ಲಿ ಶ್ರಾವಕರು ನೋಡಲೆಂದು. ಕಾಲಕಾಲಕ್ಕೆ ಬಣ್ಣವನ್ನು ನವೀಕರಿಸುವ ಸಂಪ್ರದಾಯವೂ ಕೆಲವೆಡೆ ಇದೆ. ಇವೆಲ್ಲವನ್ನೂ ಗೌರವಿಸಿಯೂ ಮಾಡಬಹುದಾದ ಕೆಲಸವೆಂದರೆ ಕುಂಚವನ್ನು ಗೋಡೆಗೆ ಮುಟ್ಟಿಸುವ ಮೊದಲು ಕಾಗದಕ್ಕೆ ಮುಟ್ಟಿಸುವುದು. ಜೀರ್ಣೋದ್ಧಾರದ ಸಂಕಲ್ಪ ಮಾಡುವ ಪ್ರತಿಯೊಂದು ಬಸದಿಯ ಸಮಿತಿಯೂ ಮೊದಲ ವೆಚ್ಚವನ್ನು ಛಾಯಾಪ್ರತಿಗೂ ಒಬ್ಬ ನುರಿತ ಚಿತ್ರಕಾರನ ಜಲವರ್ಣ ಪ್ರತಿಗೂ ಮೀಸಲಿಡಬೇಕು; ಆ ಚಿತ್ರಕಾರನ ಪಕ್ಕದಲ್ಲಿ ಪುರಾಣಗಳನ್ನು ಬಲ್ಲ ಪಂಡಿತನೊಬ್ಬನು ಕುಳಿತಿರಬೇಕು. ಕಥೆಯನ್ನು ಅರಿಯದ ಕೈಯು ನಾಗಕುಮಾರನನ್ನು ಯಾರೋ ಒಬ್ಬ ರಾಜಕುಮಾರನನ್ನಾಗಿ ಮಾಡುತ್ತದೆ. ಕುಂಚವನ್ನು ಅರಿಯದ ಪಂಡಿತನು ಬಿರುಕನ್ನು ಆಯುಧವೆಂದು ಓದುತ್ತಾನೆ. ಇಬ್ಬರೂ ಕೂಡಿದರೆ ಮಾತ್ರ ಪ್ರತಿಯು ಶುದ್ಧವಾಗುವುದು.

ನಮ್ಮ ಹಸ್ತಪ್ರತಿ ಭಂಡಾರಗಳ ಸೂಚಿಗಳಲ್ಲಿ ತಾಡಪತ್ರ, ಕೋರಿಕಾಗದ, ಕಡತ ಎಂಬ ವಿಭಾಗಗಳಿವೆ. ಭಿತ್ತಿಚಿತ್ರಗಳ ಪ್ರತಿಗಳಿಗೂ ಅಲ್ಲಿ ಒಂದು ವಿಭಾಗವು ತೆರೆಯಲಿ; ಕ್ರಮಸಂಖ್ಯೆ, ಪ್ರತಿಕಾರ, ತಿಥಿ, ಮೂಲಸ್ಥಾನ, ತ್ರುಟಿತಗಳ ವಿವರ ಇವುಗಳೊಡನೆ ಅವೂ ನಮೂದಾಗಲಿ. ಶ್ರವಣಬೆಳಗೊಳದ ಲೇಶ್ಯಾವೃಕ್ಷದಿಂದಲೇ ಈ ಕಾರ್ಯವನ್ನು ಆರಂಭಿಸುವುದು ಯೋಗ್ಯವೆಂದು ತೋರುತ್ತದೆ. ಬುಡವನ್ನು ಕಡಿಯದೆ ಹಣ್ಣನ್ನು ಪಡೆಯುವುದು ಹೇಗೆಂಬುದನ್ನು ಬೋಧಿಸುವ ಚಿತ್ರವದು. ಮೂಲವನ್ನು ನೋಯಿಸದೆ ಅದರ ಅರ್ಥವನ್ನು ಮುಂದಿನವರಿಗೆ ದಾಟಿಸಬೇಕಾದ ಪ್ರತಿಕಾರನಿಗೂ ಆ ಬೋಧೆಯು ಅನ್ವಯಿಸುತ್ತದೆ. ವಿದ್ವಾಂಸರು ಈ ಸೂಚನೆಯ ಗುಣದೋಷಗಳನ್ನು ವಿಚಾರಿಸಿ ತಮ್ಮ ಅಭಿಪ್ರಾಯಗಳನ್ನು ಪ್ರಕಟಿಸಬೇಕೆಂದು ವಿನಂತಿ.